‘ಆದರೆ’ ಇಲ್ಲದ ಭಾನುವಾರ

ಮಿಸ್ ಅವರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ನಡಿಗೆಯಲ್ಲಿ ಐಬೇನೂ ಇರಲಿಲ್ಲ. ಎದುರಿಗಿದ್ದವರು ಮಾತಾಡುವಷ್ಟು ಹೊತ್ತೂ ಅವರ ಬಲಪಾದ ನೆಲ ತಟ್ಟುತ್ತಿತ್ತು, ಅಷ್ಟೇ. ನಿಮ್ಮ ಮಾತು ಉದ್ದವಾದಷ್ಟೂ ಆ ತಟ್ಟುವಿಕೆ ಚುರುಕಾಗುತ್ತಿತ್ತು. ಕತ್ರಿಗುಪ್ಪೆಯಲ್ಲಿ ಅವರ ಚಪ್ಪಲಿ ರಿಪೇರಿ ಮಾಡುತ್ತಿದ್ದಾತ ಒಮ್ಮೆ ಕೇಳಿಯೇಬಿಟ್ಟನಂತೆ: “ಮೇಡಂ, ಬಸ್ ಓಡಿಸ್ತೀರಾ? ಬ್ರೇಕ್ ಹಾಕೋ ಕಾಲು ಮಾತ್ರ ಸವೀತಿದೆ.”

“ಬ್ರೇಕ್ ಅಲ್ಲಪ್ಪ, ಆಕ್ಸಿಲರೇಟರ್,” ಅಂದರಂತೆ ಮಿಸ್.

ಜಯನಗರದ ನಮ್ಮ ಶಾಲೆಯಲ್ಲಿ ಎಲ್ಲ ಟೀಚರುಗಳೂ ಮಿಸ್ಸೇ. ಕನ್ನಡ ಮಿಸ್, ಮ್ಯಾಥ್ಸ್ ಮಿಸ್, ಪಿ.ಟಿ. ಮಿಸ್. ಬರೀ ‘ಮಿಸ್’ ಅಂದರೆ ಮಾತ್ರ ಇವರು. ಪಾಠ ಮಾಡುತ್ತಿದ್ದದ್ದು ಸಮಾಜ ವಿಜ್ಞಾನ, ನಮ್ಮನ್ನು ಹಿಡಿದು ತಿದ್ದಿದ್ದು ಚರ್ಚಾಸ್ಪರ್ಧೆಗೆ. ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ನಾಲ್ಕೈದು ಜನರನ್ನು ನಿಲ್ಲಿಸಿ ಚೀಟಿ ಎತ್ತಿಸುವರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. “ನಾನು ಇದನ್ನ ನಂಬಲ್ಲ ಮಿಸ್,” ಅಂದರೆ, “ನಿನ್ನ ನಂಬಿಕೆ ಯಾರು ಕೇಳಿದ್ರು? ಎರಡು ನಿಮಿಷ ಮಾತಾಡು.” ನಾವು ಏನು ಹೇಳಿದರೂ ಅವರ ಪ್ರಶ್ನೆ ಒಂದೇ: “ಎಲ್ಲಿ ನೋಡಿದೆ?” ಪೇಪರಿನಲ್ಲಿ ಅಂದರೆ ಯಾವ ಪೇಪರು? ಎಲ್ಲರೂ ಹೇಳ್ತಾರೆ ಅಂದರೆ, ಎಲ್ಲರೂ ಅಂದರೆ ಯಾರು, ಅವರನ್ನು ಕರ್ಕೊಂಡು ಬಾ.

ಒಂದು ದಿನ ಊಟಕ್ಕೆ ಕೂತಾಗ ನಮ್ಮಪ್ಪನಿಗೇ “ಎಲ್ಲಿ ನೋಡಿದೆ?” ಅಂತ ಕೇಳಿ ಬೆನ್ನಿಗೆ ಒಂದು ಬಿಗಿಸಿಕೊಂಡೆ. ಮರುದಿನ ಮಿಸ್‌ಗೆ ಹೇಳಿದರೆ ಅವರು ಮುಖ ಅರಳಿಸಿ, “ಹೊಡೆದ್ರು ಅಂದ್ರೆ ಅವರ ಹತ್ರ ಪಾಯಿಂಟ್ ಮುಗಿದಿತ್ತು ಅಂತ. ನೀನು ಗೆದ್ದೆ,” ಅಂದರು. ಈ ಮಾತನ್ನು ನಾನು ವರ್ಷಗಟ್ಟಲೆ ನಂಬಿದ್ದೆ. ಸ್ಪರ್ಧೆಗಳಲ್ಲಿ ಕಪ್ಪುಗಳು ಬಂದವು. ಜೊತೆಗೆ, ಕಾಲೇಜಿನ ಕ್ಯಾಂಟೀನಿನಲ್ಲಿ ನಾನು ಬಂದು ಕೂತರೆ ಎದುರಿಗಿದ್ದವರಿಗೆ ತಟ್ಟನೆ ಕ್ಲಾಸು ನೆನಪಾಗುವ ಕಾಲವೂ ಬಂತು.

ಹೀಗಿರುವಾಗ, ನಾನು ಕೆಲಸಕ್ಕೆ ಸೇರಿ, ಅವರು ರಿಟೈರಾಗಿ ಕೆಲವು ವರ್ಷ ಕಳೆದ ಮೇಲೆ, ಒಂದು ಶುಕ್ರವಾರ ಮಿಸ್ ಫೋನ್ ಮಾಡಿದರು.

“ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮನೆ ಹತ್ರ ಪಾರ್ಕಿಗೆ ಬಾ. ಒಬ್ಬರು ಅಂಪೈರ್ ಬೇಕು.”

“ವಿಷಯ ಏನು ಮಿಸ್?”

“ಎಲೆ.”

“ಎಲೆ?”

“ಗಿಡದ ಎಲೆ ಕಣೇ. ಬಾ ಸುಮ್ನೆ.”

ಹಿನ್ನೆಲೆ ಹೇಳಿಬಿಡುತ್ತೇನೆ. ಮಿಸ್‌ಗೆ ಒಬ್ಬನೇ ಮಗ. ನಾನು ಅಣ್ಣ ಅನ್ನುತ್ತೇನೆ. ಬಿಟಿಎಂ ಲೇಔಟಿನಲ್ಲಿ ಹೆಂಡತಿ, ಮಗಳೊಂದಿಗೆ ಇದ್ದಾರೆ. ಮಗಳು ಪುಟ್ಟಿಗೆ ಆಗ ಏಳು ವರ್ಷ. ಶಾಲೆಯ ವ್ಯಾನು ಕೆಳಗೆ ಹಾರ್ನ್ ಹೊಡೆದರೆ ಸಾಕು, ಆ ಹುಡುಗಿಗೆ ವಾಂತಿಯಾಗುತ್ತಿತ್ತು. ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು ಡಾಕ್ಟರು. ಗಂಡ ಹೆಂಡತಿ ಮಾತಾಡಿಕೊಂಡು ಶಾಲೆ ಬಿಡಿಸಿದರು. ಸ್ವಲ್ಪ ಕಾಲ ಮನೆಯಲ್ಲಿ ನಾವೇ ಕಲಿಸುತ್ತೇವೆ, ಎಲ್ಲರೂ ಸೇರಿ ಕಲಿಯುತ್ತೇವೆ ಅಂದರು.

ಜೀವಮಾನವೆಲ್ಲ ಶಾಲೆಯಲ್ಲೇ ಕಳೆದ ಮಿಸ್ ಇದನ್ನು ಕೇಳಿ ಸುಮ್ಮನಿರುತ್ತಾರೆಯೇ? ಮಗನ ಮನೆಯ ಹಾಲಿನಲ್ಲಿ ನಿಂತು ವಾದಕ್ಕಿಳಿದರು. ಅಪ್ಪ ಅಮ್ಮನೇ ಟೀಚರಾದರೆ ಅಪ್ಪ ಅಮ್ಮನ ತಪ್ಪನ್ನು ಮಗುವಿಗೆ ತೋರಿಸುವವರು ಯಾರು, ಇವತ್ತು ವ್ಯಾನಿಗೆ ಹೆದರುವವಳನ್ನು ಮನೆಯಲ್ಲಿ ಕೂರಿಸಿದರೆ ನಾಳೆ ಬಾಗಿಲಿಗೂ ಹೆದರುವುದಿಲ್ಲವೇ, ಹೀಗೆ. ನನ್ನನ್ನು ಕೇಳಿದರೆ ಅವರ ಒಂದೊಂದು ಪಾಯಿಂಟೂ ಗಟ್ಟಿಯಾಗಿತ್ತು. ಮಿಸ್ ಗೆದ್ದರು. ಮಗ ಎದ್ದು ಹೋಗಿ, ಅಮ್ಮನ ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿ ಇಟ್ಟರು.

ಆಮೇಲೆ ತಿಂಗಳುಗಟ್ಟಲೆ ಫೋನಿಲ್ಲ, ಮೊಮ್ಮಗಳ ಮುಖವಿಲ್ಲ. ಕೊನೆಗೆ ಸಂಧಾನ ಮಾಡಿದವರು ಸೊಸೆ. ಪುಟ್ಟಿಗೆ ನೇಚರ್ ಜರ್ನಲ್ ಅಂತ ಒಂದು ಸಬ್ಜೆಕ್ಟ್ ಇಟ್ಟಿದ್ದೇವೆ, ಹೊರಗೆ ಹೋಗಿ ಏನಾದರೂ ಒಂದನ್ನು ಕೂತು ನೋಡಿ, ಚಿತ್ರ ಬರೆದು, ಪಕ್ಕದಲ್ಲಿ ಎರಡು ಮಾತು ಬರೆಯುವುದು, ದೊಡ್ಡವರೂ ಮಗುವಿನ ಜೊತೆ ಕೂತು ಬರೆಯಬೇಕು, ಭಾನುವಾರ ನನಗೆ ಆಸ್ಪತ್ರೆಯಲ್ಲಿ ಡ್ಯೂಟಿ, ನೀವು ಜೊತೆಗಿರಿ ಅತ್ತೆ ಅಂದರು. ಮಗ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. “ಪುಟ್ಟಿ ಮುಂದೆ ವಾದ ಮಾಡೋ ಹಾಗಿಲ್ಲಮ್ಮ. ಒಂದ್ಸಲ ಆದ್ರೂ ಮುಗೀತು. ಆಮೇಲೆ ನೀನು ಕರೀಬೇಡ, ನಾವು ಬರಲ್ಲ.”

ವಾರಕ್ಕೆ ಎರಡು ಗಂಟೆಯ ಮೊಮ್ಮಗಳು. ಅದನ್ನು ಉಳಿಸಿಕೊಳ್ಳಬೇಕಿತ್ತು. ತಮ್ಮ ನಾಲಿಗೆಯ ಮೇಲೆ ತಮಗೇ ನಂಬಿಕೆಯಿಲ್ಲದ್ದರಿಂದ ಮಿಸ್ ನನ್ನನ್ನು ಕರೆಸಿದ್ದರು.

ಕಾನೂನುಗಳನ್ನು ಅವರೇ ಮಾಡಿದರು. “ವಾದ ಎಲ್ಲಿಂದ ಶುರುವಾಗತ್ತೆ? ‘ಆದರೆ’ಯಿಂದ. ಅದನ್ನೇ ತೆಗೆದುಬಿಡೋಣ.” ಯಾರ ಬಾಯಲ್ಲಿ ‘ಆದರೆ’ ಬಂದರೂ ನಾನು ಚಮಚ ತಗೊಂಡು ಸ್ಟೀಲ್ ಬಾಟಲಿಗೆ ಟಣ್ ಅನ್ನಿಸಬೇಕು.

“ಬಟ್?” ಕೇಳಿದರು ಅಣ್ಣ.

“ಬಟ್‌ಗೆ ಎರಡು ಸಲ ಹೊಡಿ.”

ಮಾತಾಡಲೇಬೇಕಾದರೆ ‘ನನಗೆ ಕಾಣ್ತಿರೋದು’ ಅಂತಲೋ ‘ನನಗೆ ಗೊತ್ತಾಗ್ತಿಲ್ಲ’ ಅಂತಲೋ ಶುರುಮಾಡಬೇಕು. ಅಣ್ಣ ಒಂದು ಕ್ಷಣ ಅಮ್ಮನನ್ನೇ ನೋಡಿ, “ಎರಡನೇದು ನೀನು ಹೇಳ್ತೀಯಾ?” ಅಂದರು. ಮಿಸ್ ಪಾದ ಸಣ್ಣಗೆ ಶುರುವಾಯಿತು.

ನನಗೆ ಈ ಇಡೀ ವ್ಯವಹಾರದ ಮೇಲೆ ಅನುಮಾನವಿತ್ತು, ಮುಚ್ಚಿಡುವುದೇಕೆ. ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಇಂಥದ್ದೇ ಅಮ್ಮ ಮಕ್ಕಳ ಗುಂಪೊಂದು ಜಮಖಾನ ಹಾಸಿ, ದುಬಾರಿ ಬಣ್ಣಗಳನ್ನು ಹರಡಿ, ಮಕ್ಕಳು ಬರೆಯುವುದಕ್ಕಿಂತ ಹೆಚ್ಚು ಹೊತ್ತು ಅವರ ಫೋಟೋ ತೆಗೆಯುತ್ತಿತ್ತು. ಮೊದಲ ವಾರ ಮನೆಗೆ ಹಿಂದಿರುಗುವಾಗ ಕೇಳಿದೆ: “ಮಿಸ್, ಫೋಟೋದಲ್ಲಿ ಒಂದು ಸೆಕೆಂಡಿಗೆ ಆಗೋದನ್ನ ಒಂದು ಗಂಟೆ ಕೂತು ಕೆಟ್ಟದಾಗಿ ಬರೆದ್ರೆ ಮಗು ಏನ್ ಕಲಿಯತ್ತೆ? ಇದ್ರಿಂದ ಉಪಯೋಗ ಇದೆ ಅನ್ನೋದಕ್ಕೆ ಸಾಕ್ಷಿ ಏನು?”

“ಗೊತ್ತಿಲ್ಲ ಕಣೇ. ನಿಂಗೆ ಭಾನುವಾರ ಬೇರೆ ಏನ್ ಕೆಲಸ ಇದೆ?”

ಇದು ಉತ್ತರವಲ್ಲ, ಪ್ರಶ್ನೆ ಕೇಳಿದವರ ಮೇಲೆ ಹಾಯುವುದು ಅಂತ ಅವರೇ ನಮಗೆ ಹೇಳಿಕೊಟ್ಟಿದ್ದರು. ಹಾಗಂತ ಹೇಳಿದೆ. “ಹೌದು, ಸರಿಯಾಗಿ ಹಿಡಿದೆ,” ಅಂದು ನಡೆದುಬಿಟ್ಟರು.

ಸುಮ್ಮನೆ ಕೂರುವುದಕ್ಕೆ ಮಿಸ್ ಅವರಷ್ಟು ಲಾಯಕ್ಕಿಲ್ಲದ ಮನುಷ್ಯರನ್ನು ನಾನು ಕಂಡಿಲ್ಲ. ಐದು ನಿಮಿಷಕ್ಕೆ ಪೆನ್ಸಿಲ್ ಚೂಪು ಮಾಡಬೇಕು, ಮತ್ತೈದು ನಿಮಿಷಕ್ಕೆ ಎದ್ದು ಒಂದು ಸುತ್ತು ಹಾಕಬೇಕು. “ಲಾನ್ ಮೇಲೆ ಕೂರಂಗಿಲ್ಲ ಮೇಡಂ,” ಅಂದ ವಾಚ್‌ಮನ್ ಹತ್ತಿರ ಯಾವ ಬೋರ್ಡಿನಲ್ಲಿ ಬರೆದಿದೆ ತೋರಿಸು ಅಂತ ಹೋಗಿ ಹತ್ತು ನಿಮಿಷ ಕಳೆಯಬೇಕು. ಅವರು ಬರೆದ ಅಳಿಲು ಬಾಲ ಬಂದ ಬದನೆಕಾಯಿಯ ಹಾಗಿತ್ತು. ಅಣ್ಣ ನಕ್ಕರೆ, “ನನಗೆ ಕಾಣ್ತಿರೋದು ಇದು,” ಅಂತ ಕಾನೂನಿನ ಹಿಂದೆ ಅಡಗಿದರು.

ಪುಟ್ಟಿ ಇದಕ್ಕೆ ತದ್ವಿರುದ್ಧ. ಒಂದು ಹೊಂಗೆ ಎಲೆ ಕೈಗೆ ಸಿಕ್ಕರೆ ಅರ್ಧ ಗಂಟೆ ಅದರಲ್ಲೇ ಇರುತ್ತಿದ್ದಳು. ಒಂದು ವಾರ ಎಲೆಯ ಮೇಲೆ ಬಿಳಿ ಗೆರೆಗಳು ಸುತ್ತಿಕೊಂಡಿದ್ದನ್ನು ಕಂಡು, “ಇಲ್ಲಿ ಯಾರೋ ಗೀಚಿದಾರೆ,” ಅಂದಳು. ಮಿಸ್‌ಗೆ ತಡೆಯಲಾಗಲಿಲ್ಲ. “ಅದು ಒಂದು ಹುಳ ಪುಟ್ಟಿ, ಎಲೆ ಒಳಗಡೆ—”

“ಅಜ್ಜಿ, ಹೇಳ್ಬೇಡ! ನಾನಿನ್ನೂ ನೋಡ್ತಿದೀನಿ.”

ಜೀವನದಲ್ಲಿ ಮೊದಲ ಬಾರಿಗೆ ಮಿಸ್ ಒಂದು ವಾಕ್ಯವನ್ನು ಅರ್ಧಕ್ಕೆ ನುಂಗಿದ್ದನ್ನು ನೋಡಿದೆ. ಪೆನ್ಸಿಲ್ ಕಚ್ಚಿಕೊಂಡು ಆಕಾಶ ನೋಡಿದರು. ಆ ಹೊತ್ತಿಗೆ ನಗೆಕೂಟದ ಹಿರಿಯರೆಲ್ಲ ಕೈ ಮೇಲೆತ್ತಿ ಹೋ ಹೋ ಹಾ ಹಾ ಶುರುಮಾಡಿದರು. ಪುಟ್ಟಿ ಎಲೆಯ ಪಕ್ಕದಲ್ಲೇ ಬರೆದಳು: “ಅಂಕಲ್‌ಗಳು ನಗುತ್ತಿದ್ದಾರೆ. ಯಾಕೆ ಗೊತ್ತಾಗುತ್ತಿಲ್ಲ.” ಅದನ್ನು ಓದಿ ಅಮ್ಮ, ಮಗ ಒಟ್ಟಿಗೆ ನಕ್ಕರು. ಒಟ್ಟಿಗೆ ನಕ್ಕಿದ್ದು ಇಬ್ಬರಿಗೂ ಗೊತ್ತಾಗಿ, ಇಬ್ಬರೂ ತಕ್ಷಣ ತಂತಮ್ಮ ಪುಸ್ತಕಕ್ಕೆ ಮುಖ ಹಾಕಿದರು.

ಗೇಟಿನ ಹತ್ತಿರ ಕಾಫಿ ಕುಡಿಯುವಾಗ ಅಣ್ಣ ಒಮ್ಮೆ ಹೇಳಿದರು: “ನಮ್ಮನೇಲಿ ಸೈಕಲ್ ಬೇಕು ಅಂದ್ರೂ ಎರಡು ನಿಮಿಷ ಮಾತಾಡ್ಬೇಕಿತ್ತು. ವಿರೋಧ ಪಕ್ಷ ಅಮ್ಮ. ಜಡ್ಜೂ ಅಮ್ಮ.”

“ಗೆದ್ರಾ?”

“ಗೆದ್ದೆ. ಅಷ್ಟೊತ್ತಿಗೆ ಆ ಸೈಕಲ್ಲಿಗೆ ನನ್ನ ಕಾಲು ಉದ್ದ ಆಗಿತ್ತು.” ನಗುತ್ತಲೇ ಹೇಳಿದರು. ಕಪ್ಪನ್ನು ಮಾತ್ರ ಹಿಸುಕಿ ಬಿಸಾಕಿದರು.

ಹೀಗೆ ಚಳಿಗಾಲ ಕಳೆಯಿತು. ಚಮಚದ ಸದ್ದು ವಾರದಿಂದ ವಾರಕ್ಕೆ ಕಡಿಮೆಯಾಯಿತು. ಅಂಪೈರಿಗೆ ಕೆಲಸವೇ ಇಲ್ಲ ಅನ್ನುವ ಹೊತ್ತಿಗೆ ಆ ಹಕ್ಕಿ ಬಂತು.

ಸಿಲ್ವರ್ ಓಕ್ ಮರದ ಒಣಕೊಂಬೆಯ ಮೇಲೆ ಬೂದು ಬಣ್ಣದ ಹಕ್ಕಿ, ಬಾಲದ ಮೇಲೆ ಅಡ್ಡಪಟ್ಟಿ. ಮೊದಲು ಕಂಡದ್ದು ಪುಟ್ಟಿಗೆ. ಉಸಿರು ಬಿಗಿಹಿಡಿದು ಪೆನ್ಸಿಲ್ ಎತ್ತಿಕೊಂಡಳು.

“ಗಿಡುಗ ಪುಟ್ಟಿ,” ಅಂದರು ಅಣ್ಣ ಮೆಲ್ಲಗೆ. “ಚಿಕ್ಕ ಜಾತಿ ಗಿಡುಗ.”

ಮಿಸ್ ಪಾದ ಶುರುವಾಯಿತು. ಗಿಡುಗನ ಹಾಗೇ ಕಾಣುವ ಒಂದು ಜಾತಿಯ ಕೋಗಿಲೆ ಇದೆ, ಎಂಥವರೂ ಏಮಾರುತ್ತಾರೆ ಅಂತ ಅವರು ಅದೇ ವಾರ ಓದಿದ್ದರು. “ನನಗೆ ಕಾಣ್ತಿರೋದು,” ಅಂದರು, “ಕೊಕ್ಕು ನೆಟ್ಟಗಿದೆ.”

“ನನಗೆ ಕಾಣ್ತಿರೋದು, ಕೊಕ್ಕು ಬಾಗಿದೆ.”

“ನನಗೆ ಕಾಣ್ತಿರೋದು, ಗಿಡುಗ ಹಾಗೆ ಬೆನ್ನು ಬಗ್ಗಿಸಿ ಕೂರಲ್ಲ.”

“ನನಗೆ ಕಾಣ್ತಿರೋದು, ಕೆಲವರು ಕನ್ನಡಕದ ನಂಬರ್ ಚೆಕ್ ಮಾಡಿಸ್ಬೇಕು.”

“ನನಗೆ ಕಾಣ್ತಿರೋದು, ಕೆಲವರಿಗೆ ಚಿಕ್ಕ ವಯಸ್ಸಿಂದಾನೂ ತಿದ್ದಿದ್ರೆ ಕೋಪ.”

“ನನಗೆ ಕಾಣ್ತಿರೋದು, ಕೆಲವರಿಗೆ ತಿದ್ದೋದು ಬಿಟ್ಟು ಬೇರೇನೂ ಬರಲ್ಲ!”

ನಾನು ಚಮಚ ಹಿಡಿದು ನಿಂತೇ ಇದ್ದೆ. ಒಬ್ಬರೂ ‘ಆದರೆ’ ಅಂದಿರಲಿಲ್ಲ. ಒಂದು ಕಾನೂನೂ ಮುರಿದಿರಲಿಲ್ಲ. ಕಾನೂನನ್ನು ಇಷ್ಟು ಚೊಕ್ಕವಾಗಿ ಪಾಲಿಸಿಕೊಂಡು ಒಬ್ಬರನ್ನೊಬ್ಬರು ತಿವಿಯುವುದು ಈ ಮನೆಯವರಿಗೆ ಮಾತ್ರ ಸಾಧ್ಯ. ಹಕ್ಕಿ ಯಾವಾಗ ಹಾರಿಹೋಯಿತೋ ಯಾರೂ ನೋಡಲಿಲ್ಲ. ಪುಟ್ಟಿಯೂ ನೋಡಲಿಲ್ಲ, ಅವಳು ಒಮ್ಮೆ ಅಪ್ಪನ ಬಾಯಿ, ಒಮ್ಮೆ ಅಜ್ಜಿಯ ಬಾಯಿ ನೋಡುತ್ತಿದ್ದಳು. ಆಮೇಲೆ ಬೆಂಚಿನ ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿಕೊಂಡಳು.

ಅಣ್ಣ ಬಾಟಲಿಯ ನೀರಿನಲ್ಲಿ ಮಗಳ ಬಾಯಿ ಒರೆಸಿದರು, ಎತ್ತಿಕೊಂಡರು, ಗೇಟಿನ ಕಡೆ ನಡೆದರು. ತಿರುಗಿ ನೋಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸರಿಹೋಗುತ್ತಿತ್ತು ಅನ್ನಿಸುತ್ತದೆ. ಮಧ್ಯಾಹ್ನ ನಮ್ಮ ನಾಲ್ಕು ಜನರ ವಾಟ್ಸಾಪ್ ಗ್ರೂಪಿಗೆ ಮಿಸ್ ಒಂದು ಮೆಸೇಜ್ ಹಾಕಿದರು. ಪುಟ್ಟಿ ಹೇಗಿದ್ದಾಳೆ ಅಂತ ಅಲ್ಲ. ಬೆಳಿಗ್ಗೆ ಅಣ್ಣನೇ ತೆಗೆದು ಗ್ರೂಪಿಗೆ ಕಳಿಸಿದ್ದ ಮಸುಕಾದ ಫೋಟೋದಲ್ಲಿ ಕೊಕ್ಕಿನ ಸುತ್ತ ಕೆಂಪು ವೃತ್ತ ಹಾಕಿ, ಮೊದಲನೆಯದಾಗಿ, ಎರಡನೆಯದಾಗಿ, ಮೂರನೆಯದಾಗಿ ಅಂತ ಅದು ಕೋಗಿಲೆಯೇ ಎಂದು ಸಾಬೀತು ಮಾಡಿದ್ದರು. ವಾದ ಅಚ್ಚುಕಟ್ಟಾಗಿತ್ತು. ಸ್ವಲ್ಪ ಹೊತ್ತಿಗೆ ಅಣ್ಣ ಗ್ರೂಪ್ ಬಿಟ್ಟರು.

“ಯಾಕ್ ಮಿಸ್ ಹಾಕಿದ್ರಿ?” ಅಂತ ಫೋನಿನಲ್ಲೇ ಕಿರುಚಿದೆ.

“ತಪ್ಪು ಮಾಹಿತಿ ಮಗು ತಲೇಲಿ ಉಳೀಬಾರ್ದಲ್ಲ ಕಣೇ.” ದನಿ ಸಣ್ಣಗಿತ್ತು. ಏನಾಗಿದೆ ಅಂತ ಅವರಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮಿಸ್ ಮಾತ್ರ ಏಳಕ್ಕೆ ಸರಿಯಾಗಿ ಹಾಜರು. ಕೂರುತ್ತಿರಲಿಲ್ಲ. ವಾಕಿಂಗ್ ಮಾಡುವವರೆಲ್ಲ ಒಂದು ದಿಕ್ಕಿಗೆ ಸುತ್ತಿದರೆ ಇವರು ಎದುರು ದಿಕ್ಕಿಗೆ ಸುತ್ತುತ್ತ, ಪ್ರತಿ ಸುತ್ತಿಗೂ ಗೇಟಿನ ಹತ್ತಿರ ನಿಧಾನವಾಗುತ್ತ, ಆಟೋ ಸದ್ದಾದರೆ ನಿಂತು, ಮತ್ತೆ ನಡೆದು. ಅವರ ಹಿಂದೆ ನಾನು. ಯಾಕೆ ಹೋಗುತ್ತಿದ್ದೆನೋ ತಿಳಿಯದು. ಹೋಗದಿದ್ದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

“ಸಾರಿ ಅಂತ ಒಂದು ಮಾತು ಕಳಿಸಿ ಮಿಸ್.”

“ಯಾವುದಕ್ಕೆ ಸಾರಿ? ಅದು ಕೋಗಿಲೇನೇ.” ನಾಲ್ಕು ಹೆಜ್ಜೆ ನಡೆದು ನಿಂತರು. “ಅಲ್ವಾ?”

ಒಂದು ಭಾನುವಾರ ಸುತ್ತು ಹಾಕುವುದನ್ನು ಅರ್ಧಕ್ಕೆ ಬಿಟ್ಟು, “ನಡಿ, ಬಿಟಿಎಂಗೆ,” ಅಂದರು. ಆಟೋ ಹತ್ತುತ್ತಲೇ ತಯಾರಿ ಶುರು. ಮಗನ ಮುಂದೆ ಏನು ಹೇಳಬೇಕು ಅನ್ನುವುದರ ತಯಾರಿ. ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನನ್ನನ್ನು ಎದುರಾಳಿ ಮಾಡಿಕೊಂಡು ಪೂರ್ತಿ ಒಪ್ಪಿಸಿದರು. ಒಬ್ಬ ಅಜ್ಜಿಯ ಹಕ್ಕು, ಒಂದು ಮಗುವಿನ ಅಗತ್ಯ, ಒಂದು ಜಗಳಕ್ಕೆ ಇಷ್ಟು ದೊಡ್ಡ ಶಿಕ್ಷೆ ಎಲ್ಲಿಯ ನ್ಯಾಯ. ನಾನು ಎಲ್ಲೆಲ್ಲಿ ತಡೆದೆನೋ ಅಲ್ಲೆಲ್ಲ ಉತ್ತರವಿತ್ತು. ಅವರಿಂದ ನಾನು ಕೇಳಿದ ಅತ್ಯುತ್ತಮ ಭಾಷಣ ಅದು, ಆಟೋದ ಹಿಂದಿನ ಸೀಟಿನಲ್ಲಿ.

ಡ್ರೈವರ್ ಕನ್ನಡಿಯಲ್ಲಿ ನೋಡುತ್ತ, “ಮೇಡಂ ಲಾಯರಾ? ಕೇಸ್ ನಿಮ್ದೇ ಬಿಡಿ. ಎದುರುಗಡೆಯವ್ರು ಬಾಯಿ ತೆಗೆಯೋ ಹಾಗೇ ಇಲ್ಲ,” ಅಂದ.

ಮಿಸ್ ತಟ್ಟನೆ ಮಾತು ನಿಲ್ಲಿಸಿದರು. ಆಟೋ ಜೆ.ಪಿ. ನಗರ ದಾಟುವವರೆಗೂ ಹೊರಗೇ ನೋಡುತ್ತ ಕೂತಿದ್ದು, “ಅದೇ ಕಷ್ಟ,” ಅಂದರು.

ಬಾಗಿಲು ತೆಗೆದದ್ದು ಅಣ್ಣ. ಬಾಗಿಲಿಗೆ ಅಡ್ಡ ನಿಂತರು. ಮಿಸ್ ಪಾದ ಡೋರ್‌ಮ್ಯಾಟಿನ ಮೇಲೆ ಟಪಟಪ ಅನ್ನುತ್ತಿತ್ತು. ಭಾಷಣ ಈಗ ಬಂತು, ಈಗ ಬಂತು ಅಂತ ನಾನು ಕಾಯುತ್ತಿದ್ದೆ.

“ಪುಟ್ಟಿ ಏನ್ ಮಾಡ್ತಿದಾಳೆ?”

“ಬಾಲ್ಕನೀಲಿ ಪಾರಿವಾಳ ಗೂಡು ಕಟ್ಟಿದೆ. ನೋಡ್ತಿದಾಳೆ.”

“ನಾನೂ ನೋಡ್ಲಾ?”

ಅಣ್ಣ ಪಕ್ಕಕ್ಕೆ ಸರಿದರು.

ಗೂಡು ಅಂದರೆ ಏನು, ಎ.ಸಿ. ಡಬ್ಬದ ಹಿಂದೆ ನಾಲ್ಕು ಕಡ್ಡಿ, ಒಂದು ತುಂಡು ವೈರು, ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚ. ಅದರ ಮೇಲೆ ಪಾರಿವಾಳ ಕಾವಿಗೆ ಕೂತಿತ್ತು. ಪುಟ್ಟಿ ತಲೆ ತಿರುಗಿಸದೆ, “ಮೆಲ್ಲಗೆ ಬಾ ಅಜ್ಜಿ,” ಅಂದಳು, ನಿನ್ನೆಯಷ್ಟೇ ಸಿಕ್ಕಿದ್ದವರ ಹಾಗೆ. ಮಿಸ್ ಗೋಡೆ ಹಿಡಿದು, ಮಂಡಿ ನೋವಿಗೆ ಮುಖ ಕಿವುಚಿ, ನೆಲದ ಮೇಲೆ ಕೂತರು.

ಅಣ್ಣ ಬಾಗಿಲಿಗೆ ಒರಗಿ ನಿಂತು ಹೇಳಿದರು: “ಶುದ್ಧ ದಡ್ಡ ಹಕ್ಕಿ. ಗೂಡು ಕಟ್ಟೋಕೂ ಬರಲ್ಲ. ಮರಿ ಹಾರಿಹೋದ್ಮೇಲೆ ಬಲೆ ಹಾಕಿಸ್ಬಿಡ್ತೀನಿ.”

ಅದು ಗಾಳ. ನನಗೆ ಗೊತ್ತಾಯಿತು, ಮಿಸ್‌ಗೂ ಗೊತ್ತಾಗಿರಲೇಬೇಕು. ದಡ್ಡ ಹಕ್ಕಿಗೆ ಈ ಊರಿನಷ್ಟು ದೊಡ್ಡ ಊರನ್ನು ಆಕ್ರಮಿಸಲು ಹೇಗೆ ಬಂತು ಅಂತ ಶುರುಮಾಡಿದರೆ ಸಾಕಿತ್ತು, ನನ್ನ ನಾಲಿಗೆಯೇ ತುರಿಸುತ್ತಿತ್ತು. ಮಿಸ್ ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆದರು, ಮುಚ್ಚಿದರು.

“ಮರಿ ಆಗೋಕೆ ಎಷ್ಟು ದಿನ ಬೇಕು ಕಣೋ?”

ಅಣ್ಣನಿಗೆ ಇದು ಎಲ್ಲಿಂದ ಬಂತು ಅಂತ ತಿಳಿಯಲಿಲ್ಲ. ಅಮ್ಮ ತನ್ನನ್ನು, ಉತ್ತರ ಅಮ್ಮನಿಗೇ ಗೊತ್ತಿಲ್ಲದ ಪ್ರಶ್ನೆಯೊಂದನ್ನು, ಎಂದಾದರೂ ಕೇಳಿದ್ದು ಉಂಟೇ ಅಂತ ಹುಡುಕುತ್ತಿದ್ದರೋ ಏನೋ. “ಗೊತ್ತಿಲ್ಲಮ್ಮ,” ಅಂದರು.

“ನಂಗೂ ಗೊತ್ತಿಲ್ಲ.”

ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಒಳಗೆ ಹೋಗಿ ಎರಡು ಪೆನ್ಸಿಲ್ ತಂದರು. ಒಂದನ್ನು ಅಮ್ಮನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು. ಯಾರೂ ಕ್ಷಮೆ ಕೇಳಲಿಲ್ಲ. ನಾಲ್ಕು ಜನಕ್ಕೆ ಜಾಗವಿಲ್ಲದ ಬಾಲ್ಕನಿಯಾದ್ದರಿಂದ ನಾನು ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಹಿಂದೆ ನಿಂತಿದ್ದೆ.

ಅಲ್ಲಿಂದಾಚೆಗೆ ಭಾನುವಾರ ಅಲ್ಲೇ. ಮೊಟ್ಟೆಯೊಡೆದು ಹಳದಿ ಎಳೆಗೂದಲಿನ ಎರಡು ವಿಕಾರ ಮರಿಗಳು ಬಂದವು. ಪುಟ್ಟಿ “ಇದು ಪಕ್ಕದ್ಮನೆ ತಾತನ ಕಿವಿ ಕೂದಲಿನ ಥರ ಇದೆ,” ಅಂತ ಬರೆದಳು. ಪಾರಿವಾಳದ ಹಿಕ್ಕೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಇದನ್ನು ಪ್ರಕೃತಿ ಅನ್ನುವುದೇ ತಪ್ಪು ಅಂತ ನಾನು ಮಾತು ತೆಗೆದರೆ, ಆ ಹುಡುಗಿ ಚಮಚ ತಂದು ನನ್ನ ಕಿವಿಯ ಪಕ್ಕದಲ್ಲೇ ಬಾಟಲಿಗೆ ಹೊಡೆದಳು. “ಅಕ್ಕ, ನೀನು ಅಂಪೈರ್ ಆಗಿ ನೀನೇ ಆಡ್ಬಾರದು.” ಎಲ್ಲರಿಗಿಂತ ಜೋರಾಗಿ ನಕ್ಕವರು ಮಿಸ್. ಮರಿಗಳು ಹಾರಿಹೋದವು, ಮತ್ತೊಂದು ಜೋಡಿ ಬಂತು. ಬಲೆ ಹಾಕಿಸುವ ಮಾತು ಯಾರೂ ಎತ್ತಲಿಲ್ಲ.

ಮರುವರ್ಷ ಯುಗಾದಿಗೆ ಮುಂಚೆ ಮಿಸ್‌ಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಹೋಯಿತು. ಎಲ್ಲ ಬಿಟ್ಟು ಅದೇ. ಕಣ್ಣು ತೆರೆದಿರುತ್ತಿದ್ದರು, ನಾವು ಹೇಳಿದ್ದು ಕೇಳಿಸುತ್ತಿದೆಯೋ ಇಲ್ಲವೋ ಯಾರಿಗೂ ನಿಶ್ಚಯವಿರಲಿಲ್ಲ. “ಮಾತಾಡಿಸ್ತಾ ಇರಿ, ಏನಾದ್ರೂ ರೆಸ್ಪಾನ್ಸ್ ಬರಬಹುದು,” ಅಂದಿದ್ದರು ಡಾಕ್ಟರು.

ನಾನು ನೋಡಲು ಹೋದಾಗ ಅಣ್ಣ ವಾರ್ಡಿನ ಕಿಟಕಿಯ ಹತ್ತಿರ ನಿಂತಿದ್ದರು. ಹೊರಗೆ, ಬಹಳ ಎತ್ತರದಲ್ಲಿ, ಒಂದು ಹದ್ದು ರೆಕ್ಕೆ ಆಡಿಸದೆ ಸುತ್ತುತ್ತಿತ್ತು.

“ಅಮ್ಮ, ಕಾಗೆ ನೋಡು. ಎಷ್ಟು ದೊಡ್ಡ ಕಾಗೆ.”

“ಅಣ್ಣ, ಅದು—” ಅಂತ ಹೊರಟೆ. ಅವರು ಕೈ ಎತ್ತಿ ತಡೆದರು. ಕಣ್ಣು ಅಮ್ಮನ ಮುಖದ ಮೇಲೇ ಇತ್ತು. ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು.

ಹೊಂಗೆ ಮರದ ಕಡೆ ಕೈ ತೋರಿಸಿ, “ಅದು ಬೇವಿನ ಮರ ಅಲ್ವಾಮ್ಮ?” ಅಂದರು. ಕಾದರು. “ತೆಂಗಿನ ಮರದಲ್ಲಿ ಮಾವಿನಕಾಯಿ ಬಿಟ್ಟಿದೆಯಮ್ಮ.” ಕಾದರು. “ಸೂರ್ಯ ಜಯನಗರದಲ್ಲಿ ಹುಟ್ಟಿ ಬಿಟಿಎಮ್ಮಲ್ಲಿ ಮುಳುಗ್ತಾನೆ ಅಂತ ಪುಟ್ಟಿಗೆ ಹೇಳಿಕೊಟ್ಟಿದೀನಿ. ಸರಿ ತಾನೇ?” ಮಿಸ್ ಹಣೆಯಲ್ಲಿ ಒಂದು ಗೆರೆ ಮೂಡಿದ ಹಾಗಾಯಿತು, ಹೋಯಿತು. ದಿನವೂ ಹೀಗೇ ಅಂತ ಪಕ್ಕದ ಹಾಸಿಗೆಯವರು ಹೇಳಿದರು. ಪಾಪ, ಆಯಪ್ಪಂಗೆ ಏನೂ ಗೊತ್ತಿಲ್ಲ ಅಂತ ಅವರು ತಿಳಿದಿದ್ದರು.

ಇನ್ನೊಂದು ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ಸುಳ್ಳುಗಳು ಖಾಲಿಯಾಗಿದ್ದವು. ಅಣ್ಣ ಸ್ಟೂಲಿನ ಮೇಲೆ ಕೂತು, ಹಾಸಿಗೆಯ ಕಂಬಿ ಹಿಡಿದುಕೊಂಡು ಹೇಳಿದರು:

“ಅಮ್ಮ, ನೀನು ಅವತ್ತು ಹೇಳಿದ್ದೇ ಸರಿ. ಪುಟ್ಟೀನ ಸ್ಕೂಲ್ ಬಿಡಿಸ್ಬಾರದಿತ್ತು. ಈ ಜೂನಲ್ಲಿ ಸೇರಿಸ್ತೀನಿ.”

ಮನಸ್ಸಿನಿಂದ ಹೇಳಿದರೋ, ಇದೂ ಆ ಕಾಗೆಯ ಸಾಲಿಗೆ ಸೇರಿದ್ದೋ, ನನಗೆ ತಿಳಿಯಲಿಲ್ಲ. ದಿಂಬಿನ ಮೇಲೆ ಮಿಸ್ ತಲೆ ಅಲುಗಿತು. ಎಡಕ್ಕೆ. ನಿಧಾನವಾಗಿ ಬಲಕ್ಕೆ. ಮತ್ತೆ ಎಡಕ್ಕೆ.

ಇಲ್ಲ.

ಅಣ್ಣ ಸ್ಟೂಲಿನಿಂದ ಎದ್ದುಬಿಟ್ಟರು. “ಯಾಕೆ? ಯಾಕಮ್ಮಾ? ಕಾರಣ ಹೇಳು!” ಅಂದರು, ಆ ಮನೆಯಲ್ಲಿ ಬೆಳೆದವರು ಹಾಗೇ ಕೇಳಬೇಕು. ಮರುಕ್ಷಣವೇ ಅವರ ಕೈ ಹಿಡಿದು, “ಬೇಡ, ಬೇಡ, ಹೇಳ್ಬೇಡ,” ಅಂತ ಅದನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

ಇಂಥ ಪೇಷೆಂಟುಗಳ ತಲೆ ಸುಮ್ಮನೆ ಹಾಗೆ ಆಡುತ್ತದೆ, ಅದಕ್ಕೆ ಅರ್ಥ ಕಟ್ಟಬೇಡಿ ಅಂದರು ನರ್ಸ್. ಅದನ್ನೂ ನಾನು ಇಲ್ಲಿ ಬರೆಯಬೇಕು. ಕೆಲವು ದಿನಗಳ ಮೇಲೆ ಮಿಸ್ ತೀರಿಕೊಂಡರು.

ಜೂನ್ ಬಂತು, ಪುಟ್ಟಿ ಶಾಲೆಗೆ ಸೇರಲಿಲ್ಲ. ನನಗೆ ಸುಮ್ಮನಿರಲು ಆಗಲಿಲ್ಲ. ಬಿಟಿಎಂಗೆ ಹೋಗಿ ಅಣ್ಣನ ಮುಂದೆ ಕೂತು ಎಲ್ಲವನ್ನೂ ಹೇಳಿದೆ: ನಿಮ್ಮಮ್ಮ ಮೊದಲ ಸಲ ಹೇಳಿದ್ದೇ ಸರಿ, ದಿಂಬಿನ ಮೇಲೆ ಒಂದು ತಲೆ ಅಲುಗಿದ್ದು ಕಾರಣವಾಗುವುದಿಲ್ಲ, ಆ ಮಗುವಿಗೆ ನಮ್ಮನ್ನು ಬಿಟ್ಟು ಬೇರೆ ಜನ ಬೇಕು, ತನ್ನ ವಯಸ್ಸಿನವರು ಬೇಕು. ಮಿಸ್ ಇದ್ದಿದ್ದರೆ ನನ್ನ ಒಂದು ಪಾಯಿಂಟನ್ನೂ ಬಿಡದೆ ಜಾಲಾಡುತ್ತಿದ್ದರು. ಅಣ್ಣ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಂಡರು. ಒಪ್ಪಲಿಲ್ಲ, ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ನನ್ನನ್ನು ಬಿಡಲು ಬಾಗಿಲವರೆಗೆ ಬಂದರು.

“ಈ ಭಾನುವಾರ ಹೊಸಕೆರೆಹಳ್ಳಿ ಕೆರೆ ಹತ್ರ ಹೋಗೋಣ ಅಂತಿದಾಳೆ ಪುಟ್ಟಿ. ಏಳಕ್ಕೆ ಬರ್ತೀಯ ತಾನೇ?”

ನನ್ನ ವಾದಕ್ಕೆ ಉತ್ತರ ಇನ್ನೂ ಬಂದಿರಲಿಲ್ಲ.

“ಆರೂಮುಕ್ಕಾಲಿಗೇ ಇರ್ತೀನಿ,” ಅಂದೆ.